ಶಾಂಘೈಗೆ ಶರತ್ಕಾಲವೇ ಸರಿ ಎಂದು ಬರೆದವರಿಗೆ

ದುರ್ಗದ ಹುಡುಗಿಯರ ಹಾಸ್ಟೆಲ್, ಕೋಣೆ ೧೯
೨೧೭೪, ಎರಡನೇ ಬೇಸಿಗೆಯ ಹದಿನೇಳನೇ ದಿನ

ತಾರಾಮತಿ ಅಜ್ಜಿಯವರಿಗೆ ನಮಸ್ಕಾರ.

ಪರಿಚಯವಿಲ್ಲದೆ ಹೀಗೆ ಪತ್ರ ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಿಮಗೆ ಈಗ ಮೂವತ್ತೊಂದು ವರ್ಷ, ಇನ್ನೂ ಮಕ್ಕಳಿಲ್ಲ. ಅಜ್ಜಿ ಅನ್ನಿಸಿಕೊಳ್ಳಲು ಬೇಜಾರಾಗಬಹುದು. ನಾನು ಮೇದಿನಿ, ನಿಮ್ಮ ಮಗಳ ಮಗಳ ಮಗಳ ಮಗಳ ಮಗಳು, ಬಿ.ಎಸ್ಸಿ. ಮೊದಲ ವರ್ಷ. ಏಳನೇ ವಯಸ್ಸಿನಿಂದ ಹಾಸ್ಟೆಲ್‌ನಲ್ಲೇ ಓದಿದವಳು, ಹಾಗಾಗಿ ನನ್ನ ಕನ್ನಡ ಅರ್ಧ ಇಂಗ್ಲಿಷು, ಅರ್ಧ ಮೆಸ್ಸಿನ ಭಾಷೆ. ಕೆಲವು ಪದಗಳು ನಿಮ್ಮ ಕಾಲದಲ್ಲಿ ಇರಲಿಕ್ಕಿಲ್ಲ. ಅಲ್ಲಲ್ಲೇ ವಿವರಿಸುತ್ತೇನೆ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತದೆ. ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಜನ ಇದನ್ನು ಮದುವೆಗೋ ಸಾವಿಗೋ ಎತ್ತಿಡುತ್ತಾರೆ. ನಾನು ಪ್ರವಾಸದ ಒಂದು ಫಾರ್ಮ್ ತುಂಬುವುದಕ್ಕೆ ಖರ್ಚು ಮಾಡುತ್ತಿದ್ದೇನೆ ಎಂದು ನನ್ನ ರೂಮ್‌ಮೇಟ್ ಹುಲಿಗೆಮ್ಮ ಬೆಳಗಿನಿಂದ ಗೊಣಗುತ್ತಿದ್ದಾಳೆ. ಬಳ್ಳಾರಿ ಕಡೆಯವಳು, ಬಾಯಿ ಜೋರು. "ಮುತ್ತಜ್ಜಿನ್ನ ಹಿಡಕಂಡು ಹವಾಮಾನ ಕೇಳಾಕ ಹೊಂಟೀಯಲ್ಲ, ನಿಂಗೇನ್ ತಲಿ ಕೆಟ್ಟೈತಾ?" ಅಂದಳು. ಇರಬಹುದು.

ನಮ್ಮಲ್ಲಿ ದೂರದ ಊರಿಗೆ ಹೋಗಲು ತಾರೀಖಿನ ಟಿಕೆಟ್ ಸಿಗುವುದಿಲ್ಲ, ಋತುಚೀಟಿ ಸಿಗುತ್ತದೆ. ಕಾಲಗಳು ಕ್ಯಾಲೆಂಡರ್ ಬಿಟ್ಟು ನೂರು ವರ್ಷವಾಗುತ್ತ ಬಂತು. ಯಾವ ತಿಂಗಳು ಏನಾಗುತ್ತದೆಂದು ಯಾರೂ ಹೇಳಲಾರರು. ಆದ್ದರಿಂದ ಚೀಟಿಯ ಮೇಲೆ ಊರಿನ ಹೆಸರು ಮತ್ತು ಒಂದು ಋತು ಬರೆಯಬೇಕು. ಆ ಊರಿಗೆ ಆ ಋತು ಬಂತೆಂದು ಘೋಷಣೆಯಾದ ದಿನ ನಮ್ಮನ್ನು ಕರೆಯುತ್ತಾರೆ. ವರ್ಷದೊಳಗೆ ಬರದಿದ್ದರೆ ಚೀಟಿ ಸತ್ತಂತೆ. ವಿದ್ಯಾರ್ಥಿಗಳಿಗೆ ಇದು ಮೊದಲ ವರ್ಷದಲ್ಲಿ ಒಮ್ಮೆ ಮಾತ್ರ. ಬೇರೆಯವರು ಚಳಿ ನೋಡಲು ಎಲ್ಲೆಲ್ಲಿಗೋ ಹೋಗುತ್ತಾರೆ. ನಾನು ಶಾಂಘೈ ಬರೆದಿದ್ದೇನೆ. ಋತುವಿನ ಜಾಗ ಖಾಲಿ ಇದೆ.

ಅಲ್ಲಿ ನನ್ನ ಅಮ್ಮ ಇದ್ದಾಳೆ. ಸಮುದ್ರ ಊರೊಳಗೆ ನುಗ್ಗದಂತೆ ಕಟ್ಟಿದ ಗೋಡೆಯ ಮೇಲೆ ಕೆಲಸ, ಹನ್ನೆರಡು ವರ್ಷದಿಂದ. ವಾರಕ್ಕೊಮ್ಮೆ ಪರದೆಯ ಮೇಲೆ ಮುಖ ಕಾಣುತ್ತದೆ. ಮುಖ ಅಷ್ಟೇ. ನಾನು ಅವಳಿಗಿಂತ ಎತ್ತರವೋ ಗಿಡ್ಡವೋ ಇಬ್ಬರಿಗೂ ಗೊತ್ತಿಲ್ಲ.

ಮಳೆಗಾಲ ಬರೆದರೆ ಹೋಗುವುದು ಗ್ಯಾರಂಟಿ. ಶಾಂಘೈಯ ಮಳೆಗಾಲ ಈಗ ಅರವತ್ತು ದಿನ, ಯಾವ ವರ್ಷವೂ ತಪ್ಪಿಲ್ಲ. ಆದರೆ ಮಳೆಯಲ್ಲಿ ಗೋಡೆಯವರಿಗೆ ರಜೆ ಇಲ್ಲ. ಊಟದ ಹೊತ್ತಿಗೆ ಅರ್ಧ ಗಂಟೆ ತಗಡಿನ ಸೂರಿನಡಿ ಜೊತೆಗಿರಲು ಬಿಡುತ್ತಾರೆ, ನಾಲ್ಕು ದಿನ. ಶರತ್ಕಾಲವಾದರೆ ಅಮ್ಮನಿಗೆ ಪೂರ್ತಿ ಬಿಡುವು. ಊರೆಲ್ಲ ಸುತ್ತಬಹುದು, ಒಂದೇ ಕೋಣೆಯಲ್ಲಿ ಮಲಗಬಹುದು. ಆದರೆ ಒಣ ತಂಪು ಸತತ ಐದು ದಿನ ನಿಂತರೆ ಮಾತ್ರ ಶರತ್ಕಾಲ ಎಂದು ಒಪ್ಪುತ್ತಾರೆ. ಕಳೆದ ನಾಲ್ಕು ವರ್ಷದಲ್ಲಿ ಅದು ಒಮ್ಮೆ ಬಂತು. ಒಂಬತ್ತು ದಿನ ಇತ್ತು.

ಅಮ್ಮನನ್ನು ಕೇಳಿದರೆ, "ನಮ್ಮ ಮನೇಲಿ ಶಾಂಘೈಗೆ ಅಂದ್ರೆ ಶರತ್ಕಾಲಾನೇ ಪುಟ್ಟಾ. ತಾರಾಮತಿ ಅಜ್ಜಿ ಹೋಗಿ ನೋಡಿ ಬರೆದಿಟ್ಟಿದ್ದಾರೆ" ಅನ್ನುತ್ತಾಳೆ. ಅದು ನಮ್ಮ ಮನೆಯ ಪದ್ಧತಿಯೇ ಆಗಿಬಿಟ್ಟಿದೆ. ಪತ್ರಿಕೆಯಲ್ಲಿ ಬಂದ ನಿಮ್ಮ ಲೇಖನದ ತುಣುಕು, ಈಗ ನನ್ನ ಬಳಿ ಇರುವ ನಿಮ್ಮ ನೋಟ್‌ಬುಕ್‌ನಲ್ಲಿ ನೀವೇ ಅಂಟಿಸಿದ್ದು, ಪುಟ ೪೦. "ಶಾಂಘೈ ನೋಡಲು ಅಕ್ಟೋಬರ್ ಕೊನೆಯೇ ಅತ್ಯುತ್ತಮ. ತಿಳಿ ಆಕಾಶ, ಹಿತವಾದ ಬಿಸಿಲು, ಬೀದಿಗಳಲ್ಲಿ ಹೂವಿನ ಪರಿಮಳ. ಜೂನ್ ಮಳೆಯನ್ನು ಖಂಡಿತ ತಪ್ಪಿಸಿ." ನನ್ನ ಅಮ್ಮನ ಅಮ್ಮ ಇದನ್ನೇ ನಂಬಿ ತನ್ನ ಚೀಟಿಯಲ್ಲಿ ಶರತ್ಕಾಲ ಎಂದು ಬರೆದಳು. ಆ ವರ್ಷ ಶರತ್ಕಾಲ ಬರಲಿಲ್ಲ. ಕಟ್ಟಿಟ್ಟ ಚೀಲವನ್ನು ಹಾಗೇ ಬಿಚ್ಚಿದಳಂತೆ. ಆಮೇಲೆ ಎಲ್ಲಿಗೂ ಹೋಗಲಿಲ್ಲ.

ನಾನೂ ಅದನ್ನೇ ಬರೆಯುವವಳಿದ್ದೆ. ಮೊನ್ನೆ ಮೆಸ್ಸಿನಲ್ಲಿ ಅಂಬಲಿಗೆ ಕ್ಯೂ ನಿಂತಾಗ ಸುಮ್ಮನೆ ಹಿಂದಿನ ಪುಟ ತಿರುವಿದೆ. ನಮ್ಮ ಮನೆಯಲ್ಲಿ ಎಲ್ಲರೂ ಆ ತುಣುಕನ್ನು ಮಾತ್ರ ಓದಿದ್ದಾರೆ ಅನ್ನಿಸುತ್ತದೆ. ನಿಮ್ಮ ಕೈಬರಹ ಓದುವುದು ಕಷ್ಟ, ಯಾರೂ ಹಟ ಹಿಡಿದಿಲ್ಲ. ಪುಟ ೩೮: "ಜೂನ್ ೨೧. ಬೆಳಗಿನಿಂದ ಮಳೆ. ಕಾಲೇಜಿಗೆ ರಜೆ ಇದ್ದದ್ದೇ ಈಗ, ಏನು ಮಾಡುವುದು. ಅಮ್ಮನ ಒಂದು ಚಪ್ಪಲಿ ನೀರಿನಲ್ಲಿ ಹೋಯಿತು. ಹಬೆಯಲ್ಲಿ ಬೇಯಿಸಿದ ಬನ್ ಮಾರುವ ಅಂಗಡಿಯ ಮುಂದೆ ಎರಡು ಗಂಟೆ ನಿಂತೆವು. ಅಮ್ಮ ಶೇಂಗಾ ಚಟ್ನಿಪುಡಿ ತೆಗೆದು ಅಂಗಡಿಯವಳಿಗೂ ಕೊಟ್ಟಳು. ಆಕೆ ಕೆಮ್ಮಿದ್ದು ನೋಡಿ ನಾವು ನಕ್ಕಿದ್ದು ನಕ್ಕಿದ್ದೇ." ಕೆಳಗೆ ಇನ್ನೊಂದು ಸಾಲು: "ಅಮ್ಮನ ಮೊದಲ ವಿದೇಶ ಪ್ರವಾಸ, ನನ್ನದೂ."

ಪುಟ ೪೦ರ ತುಣುಕಿನ ಮೇಲೆ ಅದೇ ವರ್ಷದ ಆಗಸ್ಟ್ ತಾರೀಖು ಇದೆ. ಅಂದರೆ ನೀವು ಅಕ್ಟೋಬರ್‌ನಲ್ಲಿ ಶಾಂಘೈ ನೋಡಿಯೇ ಇಲ್ಲ. ಮಳೆಯಲ್ಲಿ ಹೋಗಿ, ನೆನೆದು, ನಕ್ಕು, ಮನೆಗೆ ಬಂದು ಓದುಗರಿಗೆ ಶರತ್ಕಾಲ ಎಂದು ಬರೆದಿರಿ. ಆಕ್ಚುಲಿ ನನಗೆ ಬಹಳ ಸಿಟ್ಟು ಬಂತು ಅಜ್ಜಿ. ಹಿರಿಯರಿಗೆ ಹೀಗೆ ಬರೆಯಬಾರದು, ಗೊತ್ತು. ಎಲ್ಲರೂ ಬರೆಯುವುದನ್ನೇ ನೀವೂ ಬರೆದಿರಬಹುದು, ಸಂಪಾದಕರು ಅದನ್ನೇ ಕೇಳಿರಬಹುದು. ಆದರೆ ನನ್ನ ಅಜ್ಜಿ ಚೀಲ ಕಟ್ಟಿ ಕೂತದ್ದು ಆ ಒಂದು ಸಾಲಿಗೆ.

ಹುಲಿಗೆಮ್ಮನಿಗೆ ಓದಿ ತೋರಿಸಿದೆ. "ಮತ್ತಿನ್ನೇನು, ಮಳಿ ಅಂತ ಬರಿ. ಚಟ್ನಿಪುಡಿ ನಾ ಮಾಡಿಕೊಡ್ತೀನಿ" ಅಂದಳು. ಅವಳಿಗೆ ಎಲ್ಲವೂ ಸುಲಭ. ಅವಳ ಅವ್ವ ಪ್ರತಿ ಭಾನುವಾರ ಗೇಟಿನ ಹತ್ತಿರ ಬಂದು ಅವಳ ತಲೆ ಬಾಚಿ ಹೋಗುತ್ತಾಳೆ. ನನಗೆ ಅರ್ಧ ಗಂಟೆ ಸಾಲುತ್ತದೋ ಇಲ್ಲವೋ ತಿಳಿಯದು. ಪೆನ್ ಹಿಡಿದು ಮೂರು ದಿನವಾಯಿತು, ಫಾರ್ಮಿನ ಮೂಲೆ ಮುದುಡಿಹೋಗಿದೆ.

ಲೇಖನಕ್ಕೆ ಬರೆದದ್ದು ಬೇಡ. ನಿಮ್ಮ ಅಮ್ಮನ ಜೊತೆ ಇನ್ನೊಮ್ಮೆ ಒಂದೇ ಒಂದು ಸಲ ಹೋಗಬಹುದು ಎಂದಾಗಿದ್ದರೆ, ಬಾರದೇ ಇರಬಹುದಾದ ಆ ಒಳ್ಳೆಯ ಕಾಲಕ್ಕೆ ಕಾಯುತ್ತಿದ್ದಿರೋ, ಆ ಮಳೆಗೇ ಹೋಗುತ್ತಿದ್ದಿರೋ? ಅಷ್ಟು ಹೇಳಿ.

ಹಿಂದಂಚೆಗೆ ವಾಪಸು ದಾರಿ ಇಲ್ಲ. ಆದರೆ ಪುಟ ೪೧ ಖಾಲಿ ಇದೆ. ಈಗ ತಾನೇ ನೋಡಿದೆ, ಖಾಲಿಯೇ ಇದೆ, ಪತ್ರ ಇನ್ನೂ ಅಂಚೆಗೆ ಬಿದ್ದಿಲ್ಲವಲ್ಲ. ಪತ್ರ ಕೈಸೇರಿದ ಕೂಡಲೇ ಅಲ್ಲಿ ಒಂದು ಪದ ಬರೆಯಿರಿ. ಪೆನ್ಸಿಲ್ ಬೇಡ, ನೂರೈವತ್ತು ವರ್ಷ ಉಳಿಯುವುದಿಲ್ಲ. ಸ್ವಲ್ಪ ಬಿಡಿಸಿ ಬರೆಯಿರಿ. ಫಾರ್ಮ್ ಕೊಡಲು ನಾಳೆ ಬೆಳಗ್ಗೆ ಹತ್ತು ಗಂಟೆ ಕೊನೆ. ಒಂಬತ್ತೂವರೆಗೆ ನೋಟ್‌ಬುಕ್ ತೆರೆಯುತ್ತೇನೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ
ಮೇದಿನಿ