ಬಿಸಿಲಿಗೆ ಹಾಕಿದ ಬೋರ್ಡು

ಜನವರಿ ೯, ಗುರುವಾರ. ಒಸಾಕಾ.

ಇವತ್ತೂ ಅದೇ ಹಾಳು ಬೋರ್ಡು. ಕಿಯೋ ಅಜ್ಜಿಯ ವಿಡಿಯೋ ಗೇಮ್ ಅಂಗಡಿಯಿಂದ ರಿಪೇರಿಗೆ ಬಂದ, ಹಳೇದೊಂದು ವಿಮಾನದ ಆಟದ ಸರ್ಕಿಟ್ ಬೋರ್ಡು. ಪರದೆ ತುಂಬ ಅರ್ಥವಿಲ್ಲದ ಅಕ್ಷರಗಳು. ಕೆಪಾಸಿಟರ್ ಬದಲಿಸಿದೆ, ಬೆಸುಗೆಯನ್ನೆಲ್ಲ ಹೊಸದಾಗಿ ಹಾಕಿದೆ, ಕಣ್ಣು ಉರಿಯುತ್ತಿದೆ. ಕೊನೆಗೆ ಆಟವನ್ನು ತುಂಬಿಟ್ಟ ಚಿಪ್ಪನ್ನೇ ಓದಿಸಿ ನೋಡಿದರೆ ಪೂರ್ತಿ ಖಾಲಿ. ಅದರ ಗಾಜಿನ ಕಿಂಡಿಗೆ ಬೆಳಕು ಬೀಳದಂತೆ ಅಂಟಿಸಿರಬೇಕಾದ ಚೀಟಿ ಇಲ್ಲ. ಆ ಕಿಂಡಿಗೆ ದಿನಗಟ್ಟಲೆ ಬಿಸಿಲು ಬಿದ್ದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ.

ಅಜ್ಜಿಗೆ ಫೋನ್ ಮಾಡಿದೆ.

“ಆ ಚೀಟಿ ಕೊಳಕಾಗಿತ್ತಪ್ಪ, ಕಿತ್ತುಹಾಕ್ದೆ. ವರ್ಷದ ಕೊನೆ ಅಲ್ವಾ, ಮನೆ, ಅಂಗಡಿ ಎಲ್ಲ ತೊಳೆದೆ. ಬೋರ್ಡನ್ನೂ ಒರೆಸಿ ಹಾಸಿಗೆ ಜೊತೆ ಬಿಸಿಲಿಗೆ ಹಾಕಿದ್ದೆ. ಹೊಸ ವರ್ಷದ ರಜ ಮುಗಿಯೋವರೆಗೂ ಅಲ್ಲೇ ಇತ್ತು.”

ಯಾರ ಮೇಲೆ ರೇಗಲಿ? ಈ ಆಟ ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ಚಿಪ್ಪಿಗೆ ಮತ್ತೆ ತುಂಬೋಣವೆಂದರೆ ಆಟದ ಇನ್ನೊಂದು ಪ್ರತಿ ಎಲ್ಲೂ ಸಿಗುವುದಿಲ್ಲ. ಹಲ್ಲು ಕಚ್ಚಿಕೊಂಡು ಕೇಳಿದೆ, “ಇಂಥದ್ದೇ ಇನ್ನೊಂದು ಬೋರ್ಡು ಇದ್ಯಾ ಅಜ್ಜಿ?”

“ಇದೆಯಲ್ಲ, ನಮ್ಮ ಯಜಮಾನ್ರು ಕಪಾಟಲ್ಲಿ ಎತ್ತಿಟ್ಟಿದ್ದು. ನೀನು ಇಷ್ಟು ಒದ್ದಾಡ್ತಿದ್ದೀಯ ಅಂತ ಅದನ್ನೂ ಇವತ್ತು ಬೆಳಿಗ್ಗೆ ಒರೆಸಿ ಹೊರಗಿಟ್ಟೆ.”

ಕೋಟೂ ಹಾಕಿಕೊಳ್ಳದೆ ಸೈಕಲ್ ಹತ್ತಿದೆ. ಒಂದು ದಿನದ ಬಿಸಿಲಿಗೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು, ಎದೆಗೆ ಗೊತ್ತಾಗಬೇಕಲ್ಲ.

ಬಾಲ್ಕನಿಯಲ್ಲಿ ಹಾಸಿಗೆಯ ಪಕ್ಕ ಬೋರ್ಡು ಅಂಗಾತ ಬಿದ್ದಿತ್ತು, ಒಂದು ಚೀಟಿಯೂ ಇಲ್ಲದೆ. ಎದೆಗವಚಿಕೊಂಡೆ. ಅಜ್ಜಿ ಆಕಾಶ ನೋಡಿ ಬೇಜಾರಿನಿಂದ ಹೇಳಿದರು, “ಏನ್ಮಾಡೋದಪ್ಪ, ಇವತ್ತು ಬಿಸಿಲೇ ಬರ್ಲಿಲ್ಲ.”