ಒಂದರ ಮೇಲೊಂದು ಕೆಂಪು ಗೆರೆ

4-3-2002
ಬೆಳಿಗ್ಗೆ ಛತ್ರದ ಬಾಗಿಲು ತೆಗೆಸಿ, ಆಫೀಸಿಗೆ ಬಂದು ಕೂತರೆ ಮೇಜಿನ ಮೇಲೆ ನನ್ನ ರಿಜಿಸ್ಟರ್ ಇಲ್ಲ. ಬೀರು ಸೇರಿದೆ. ಇನ್ನು ಬುಕಿಂಗ್ ಎಲ್ಲ ಕಂಪ್ಯೂಟರಿನಲ್ಲಂತೆ. ಹತ್ತೊಂಬತ್ತು ವರ್ಷ ಒಂದು ಮದುವೆಯ ಮೇಲೆ ಇನ್ನೊಂದು ಬೀಳದ ಹಾಗೆ ನೋಡಿಕೊಂಡವಳು ನಾನು. ಶುರುವಾಗುವ ಹೊತ್ತಿನಿಂದ ಮುಗಿಯುವ ಹೊತ್ತಿನವರೆಗೆ ಒಂದು ಕೆಂಪು ಗೆರೆ, ಅಷ್ಟೇ. ಪ್ರೋಗ್ರಾಮ್ ಬರೆದ ಶಿವಕುಮಾರ — ಸೆಕ್ರೆಟರಿಯ ಅಳಿಯ — ಅದನ್ನು ನೋಡಿ ನಕ್ಕ. ಮೂತಿ ನೋಡು.

9-3
ಹಿಂದಿನ ಸಂಜೆಯೇ ವರಪೂಜೆಗೆ ಬರುತ್ತಾರಲ್ಲ, ಅದನ್ನು ಹೇಗೆ ಹಿಡಿಯುತ್ತೆ ಎಂದು ಕೇಳಿದೆ. ಶುರುವಾಗುವ ಹೊತ್ತಿಗೆ ಇಂಡೆಕ್ಸ್ ಹಾಕಿದ್ದಾನಂತೆ. ಅದೇ ಹೊತ್ತು ಎರಡನೇ ಸಲ ಬಂದರೆ ತಳ್ಳಿಬಿಡುತ್ತಂತೆ. ಮುಗಿಯುವ ಹೊತ್ತು? ಅದು ಸುಮ್ಮನೆ ಬರೆದಿಟ್ಟುಕೊಳ್ಳುವುದಕ್ಕಂತೆ. ಎರಡನ್ನೂ ಸೇರಿಸಿ ನೋಡಬೇಕಪ್ಪ ಎಂದೆ.
"ನೀವು ಪಾತ್ರೆ ಪಡಗ ನೋಡ್ಕೊಳ್ಳಿ, ಗಿರಿಜಾಂಬಾ ಅವರೇ. ಇದೆಲ್ಲ ನಿಮಗೆ ಅರ್ಥವಾಗಲ್ಲ."
ಎಲ್ಲರೆದುರಿಗೆ! ಹಾಳಾಗಿ ಹೋಗಲಿ. ಇನ್ನು ತುಟಿ ಪಿಟಕ್ಕೆನ್ನುವುದಿಲ್ಲ.

21-3
ಬಿತ್ತು. ಮೇ 16, ಬೆಳಿಗ್ಗೆ ಆರಕ್ಕೆ ಗುರುಮಲ್ಲಪ್ಪನವರ ಮನೆ ಮದುವೆ, ಆರತಕ್ಷತೆ ಮುಗಿಯುವುದು ರಾತ್ರಿ ಹತ್ತಕ್ಕೆ. ಅದೇ ಸಂಜೆ ನಾಲ್ಕಕ್ಕೆ ಇನ್ನೊಂದು ದಿಬ್ಬಣ, 17ರ ಮುಹೂರ್ತಕ್ಕೆ. ಶುರು ಬೇರೆ ಬೇರೆ, ಕಂಪ್ಯೂಟರ್ ಎರಡನ್ನೂ ನುಂಗಿತು. ಬೀರುವಿನಿಂದ ರಿಜಿಸ್ಟರ್ ತೆಗೆದು ಗೆರೆ ಎಳೆದೆ. ಒಂದರ ಮೇಲೊಂದು. ಪಕ್ಕದಲ್ಲಿ ಇವತ್ತಿನ ತಾರೀಖು, ಸಹಿ. ಮಾಡಿದ್ದುಣ್ಣೋ ಮಹರಾಯ.
ಎರಡನೆಯದು ವಸಂತಮ್ಮನ ಮಗಳ ಮದುವೆ. ನನ್ನ ರವಿಕೆ ಹೊಲಿಯುವ ಒಂಟಿಕೊಪ್ಪಲಿನ ವಸಂತಮ್ಮ... ಇರಲಿ, ಇನ್ನೂ ಎರಡು ತಿಂಗಳಿದೆ.

2-5
ವಸಂತಮ್ಮ ಲಗ್ನಪತ್ರಿಕೆ ತಂದಿದ್ದಳು. "ನೀವಿದ್ದೀರಲ್ಲ, ನಂಗೇನೂ ಯೋಚ್ನೆ ಇಲ್ಲ ಕಣಮ್ಮ." ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಶಿವಕುಮಾರ ಬಂದು ನನ್ನ ಕುರ್ಚಿಯಲ್ಲೇ ಕೂತ. ನುಂಗಿಕೊಂಡೆ.

16-5, ಸಂಜೆ 6.30, ಆಫೀಸು
ವೇದಿಕೆ ಮೇಲೆ ಗುರುಮಲ್ಲಪ್ಪನವರ ಜನ. ಬಾಗಿಲಲ್ಲಿ ವಸಂತಮ್ಮನ ಬೀಗರು, ಬಸ್ಸಿಳಿದು ನಾಲ್ಕು ಗಂಟೆಯಿಂದ ನಿಂತೇ ಇದ್ದರು. ಇಂಥ ಮರ್ಯಾದೆ ಇಲ್ಲದ ಸಂಬಂಧ ಬೇಡ ಎಂದುಬಿಟ್ಟರು ಗಂಡಿನ ತಂದೆ. ಶಿವಕುಮಾರನ ಮುಖ ಬಿಳಿಚಿತ್ತು. ಈ ಗಳಿಗೆಗೇ ಕಾದಿದ್ದೆ. ರಿಜಿಸ್ಟರ್ ತಂದು ಮೇಜಿನ ಮೇಲೆ ಕುಕ್ಕಿದೆ — ನೋಡಪ್ಪ, ನನಗೆ ಅರ್ಥವಾಗಲ್ಲ ಅಂದೆಯಲ್ಲ.
ಅವನು ನೋಡಲಿಲ್ಲ. ವಸಂತಮ್ಮ ನೋಡಿದಳು. ಗೆರೆಯ ಪಕ್ಕದ ತಾರೀಖಿನ ಮೇಲೆ ಬೆರಳಿಟ್ಟಳು.
"ಮಾರ್ಚಿಂದಾನೂ ಗೊತ್ತಿತ್ತಾ, ಗಿರಿಜಮ್ಮ?"
ಹೊರಗೆ ಬೀಗರ ಬಸ್ಸು ಹೊರಟಿತು. ಅವಳು ಓಡಿದಳು. ನಾನು ಕೂತೇ ಇದ್ದೇನೆ. ಹೇಳಬೇಕಿತ್ತು. ಪತ್ರಿಕೆ ಕೊಟ್ಟ ದಿನವಾದರೂ ನಾನು...