ಲೋಣಾವಳಾದ ಹೋಟೆಲ್ ಮ್ಯಾನೇಜರ್

ಪ್ರೀತಿಯ ಅಪ್ಪಾ,

ಲೋಣಾವಳಾದ ಆಚೆ, ಅಣೆಕಟ್ಟಿನ ಹಿನ್ನೀರಿನಲ್ಲಿ ನೀನು ಮೊದಲ ಸಲ ನನ್ನನ್ನು ದೋಣಿ ಹತ್ತಿಸಿದ ಬೆಳಗು ನೆನಪಿದೆಯಾ? ಗಾಳ ಹಾಕುವ ಶೋಕಿಯವರನ್ನು ಬಾಡಿಗೆಗೆ ಕರೆದೊಯ್ಯುವುದು ನಿನ್ನ ಕಸುಬು. ಅವರೆಲ್ಲ ನಿನ್ನನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಅಂದು ಮುಂಬೈಯ ಸಾಹೇಬರೊಬ್ಬರು ದೊಡ್ಡ ಮಹಸೀರ್ ಮೀನು ಎಳೆದು, ಫೋಟೋಕ್ಕೆಂದು ಕೈ ಚಾಚಿದರು. "ಆಧೀ ಹಾತ್ ಓಲೇ ಕರಾ" ಎಂದು ನೀನು ತಡೆದೆ. ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ, ಆಮೇಲೆ ನೀರಿಗೆ ಬಿಟ್ಟರೂ ಅದು ಉಳಿಯುವುದಿಲ್ಲ ಅಂತ. ಸಾಹೇಬರು ತೆಪ್ಪಗೆ ಕೈ ಒದ್ದೆ ಮಾಡಿಕೊಂಡರು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ?

ಕೊಂಢವಾದ ಮನೆ ಮುಟ್ಟಿದರೆ ನಿನ್ನ ಕ್ಯಾಪ್ಟನ್‌ಗಿರಿ ಮುಗಿಯುತ್ತಿತ್ತು. ಸ್ನಾನವಾಗುವವರೆಗೆ ಅಜ್ಜಿ ನಿನ್ನನ್ನು ಅಡುಗೆಮನೆಯತ್ತ ಸುಳಿಯಗೊಡುತ್ತಿರಲಿಲ್ಲ. ಧಾರವಾಡದಿಂದ ಬಂದ, ಏಕಾದಶಿ ತಪ್ಪಿಸದ ಮನೆ ನಮ್ಮದು. ನೀನು ಜನ್ಮದಲ್ಲಿ ಮೀನು ತಿಂದವನಲ್ಲ, ಹಿಡಿದದ್ದನ್ನು ಉಳಿಸಿಕೊಂಡವನೂ ಅಲ್ಲ. "ಬಿಡೂದ ಇದ್ರ ಹಿಡಿಯೂದ್ಯಾಕೋ?" ಎಂದು ಅಜ್ಜಿ ಕೇಳಿದಾಗಲೆಲ್ಲ ನೀನು ಇನ್ನೊಂದು ರೊಟ್ಟಿ ಕೇಳುತ್ತಿದ್ದೆ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವಂತೂ… "ಮಗಾ ಲೋಣಾವಳಾದಾಗ ಹೋಟೆಲ್ ಮ್ಯಾನೇಜರ್ ಇದ್ದಾನ್ರಿ" ಎಂದು ಅಜ್ಜಿ ಸಲೀಸಾಗಿ ಹೇಳಿದಳು. ಅವಲಕ್ಕಿ ತಿನ್ನುತ್ತಿದ್ದ ಹುಡುಗನ ಸೋದರಮಾವ ನಿನ್ನ ಮುಖ ನೋಡಿ ಕೆಮ್ಮತೊಡಗಿದರು. ತಮ್ಮ ಮನೆಯಲ್ಲಿ ಭಜನೆಗೆಂದು ಹೇಳಿ, ತಿಂಗಳಿಗೊಮ್ಮೆ ನಿನ್ನ ದೋಣಿಗೆ ಬರುತ್ತಿದ್ದ ಪುಣ್ಯಾತ್ಮ ಅವರು. ಸುಧಾರಿಸಿಕೊಂಡು, "ಹೌದ್ರಿ, ಇವರ ಹೋಟೆಲ್‌ನಾಗ ಚಹಾ ಭಾಳ ಚೊಲೋ ಇರ್ತದ" ಅಂದರು. ಜಾತಕ ಕೂಡದೆ ಆ ಸಂಬಂಧ ತಪ್ಪಿತು, ಬಿಡು. ಅವರು ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತಾಗ ನೀನು ಮೆಲ್ಲಗೆ, "ನಾ ಏನ್ ಕಳವು ಮಾಡೇನೇನು? ಒಮ್ಮೆರೆ ಅವ್ವ ನನ್ನ ಕೆಲಸದ ಹೆಸರು ಹೇಳಿದ್ರ…" ಅಂದೆ. ತಲೆಗೂದಲೆಲ್ಲ ನೆರೆಯುವವರೆಗೆ ಅದೇ ನೀರಿನಲ್ಲಿ ದುಡಿದವನಿಗೆ ಇಷ್ಟೂ ಸಿಗಬಾರದೇ ಎಂದು ನನಗೆ ಸಂಕಟವಾಯಿತು.

ನೀನು ಹೋದ ಮೇಲೆ ದೋಣಿಯನ್ನು ಮಾರಲು ಮನಸ್ಸು ಬರಲಿಲ್ಲ. ಈಗ ಭಾನುವಾರಗಳಲ್ಲಿ ನಾನೇ ನಡೆಸುತ್ತೇನೆ. ಅಜ್ಜಿಗೆ ಮಾತ್ರ ಆಫೀಸ್ ಕೆಲಸ ಎಂದೇ ಹೇಳಿದ್ದೆ, ಅವಳ ಮೊಮ್ಮಗಳಲ್ಲವೇ. ಮೊನ್ನೆ ಹೊರಡುವಾಗ ಎದುರು ಮನೆಯ ಕಾಕು, "ಏನವಾ, ಐತವಾರನೂ ಆಫೀಸ್ ಏನು?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಆಫೀಸ್ ಎಲ್ಲೀದು? ಮೀನ ಹಿಡೀಲಿಕ್ಕೆ ಹೊಂಟಾಳ. ನನ್ನ ಮಗಂದು ದೋಣಿ ಅದ. ಕ್ಯಾಪ್ಟನ್ ಇದ್ದ ಅಂವಾ."

ಅಪ್ಪಾ, ಹೀಗೆಯೇ ಹೇಳಿದಳು, ಓಣಿಗೆಲ್ಲ ಕೇಳುವಷ್ಟು ಜೋರಾಗಿ.

ನಿನ್ನ ಮಗಳು